ಬೈಠಕ್ ಕೇಳಿದ ಕಿವಿಗೆ ರಾಕ್

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಕ್ ತಂಡ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಆಲ್ಬಮ್ ಹೊರಬಂದಾಗ, ಸದ್ದು ವಿಪರೀತವಾಯಿತು ಎಂದು ಮೊದಲು ತಕರಾರು ತೆಗೆದವರು ಆ ತಂಡದ ಅಭಿಮಾನಿಗಳೇ. ಸಿಡಿ ಹಾಕಿದರೆ ಡ್ರಮ್ಮಿನ ಪೆಟ್ಟು ಬೀಳುವ ಕಡೆಯೆಲ್ಲ ಚರಚರ ಒಡಕು. ಅದೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಗೇಮಿನಲ್ಲೂ ಬಂದಿದ್ದವು. ಅಭಿಮಾನಿಗಳು ಎರಡನ್ನೂ ಕಂಪ್ಯೂಟರಿಗೆ ಹಾಕಿ ಅಲೆಗಳ ಚಿತ್ರ ತೆಗೆದು ಪಕ್ಕಪಕ್ಕ ಇಟ್ಟು ನೋಡಿದರು. ಗೇಮಿನ ಅಲೆಯಲ್ಲಿ ಏರಿಳಿತ ಇತ್ತು. ಸಿಡಿಯ ಅಲೆ ಮೇಲೂ ಕೆಳಗೂ ಕೊಯ್ದಿಟ್ಟ ಇಟ್ಟಿಗೆಯಂತೆ ಕಾಣುತ್ತಿತ್ತು. ಸಾವಿರಾರು ಮಂದಿ ಸಹಿ ಮಾಡಿ, ಇದನ್ನು ಹೊಸದಾಗಿ ಮಿಕ್ಸ್ ಮಾಡಿಕೊಡಿ ಎಂದು ಕೇಳಿದರು.

ರಾಕ್ ಅಭಿಮಾನಿ ಅಂದಕೂಡಲೇ ಮಂದಿಯ ಕಣ್ಣ ಮುಂದೆ ಬರುವ ಚಿತ್ರಕ್ಕೂ ಈ ಸಂಗತಿಗೂ ತಾಳೆಯಾಗುವುದಿಲ್ಲ. ಉದ್ದ ಕೂದಲು, ತಲೆಬುರುಡೆ ಅಚ್ಚಾದ ಕಪ್ಪು ಅಂಗಿ, ಕುಡಿತ, ಸಿಟ್ಟು, ಮನೆಮಂದಿಯ ಮೇಲೆ ತಾತ್ಸಾರ. ಇಷ್ಟು ಕೂಡಿಸಿದರೆ ಒಬ್ಬ ಅಭಿಮಾನಿ ತಯಾರು ಎಂಬ ನಂಬಿಕೆ ಹುಬ್ಬಳ್ಳಿಯಲ್ಲೂ ಇದೆ, ಹಾವೇರಿಯಲ್ಲೂ ಇದೆ. ಮನೆಯಲ್ಲಿ ಯಾರಾದರೂ ಗಿಟಾರಿನ ಹಾಡು ಹಚ್ಚಿದರೆ ಅಡುಗೆಮನೆಯಿಂದ ಬರುವ ಮಾತು ಒಂದೇ: "ತಮ್ಮಾ, ಅದೇನ್ ಗದ್ದಲ ಹಚ್ಚೀಯೋ, ಸಣ್ಣದ್ ಮಾಡು." ಆದರೆ ಈ ಸಂಗೀತವನ್ನು ಹದಿನೈದಿಪ್ಪತ್ತು ವರ್ಷ ಬಿಡದೆ ಕೇಳಿಕೊಂಡು ಬಂದವರಲ್ಲಿ ಬ್ಯಾಂಕಿನ ಕ್ಯಾಷಿಯರ್ ಇರುತ್ತಾರೆ, ಆಸ್ಪತ್ರೆಯ ನರ್ಸ್ ಇರುತ್ತಾರೆ, ಹಣೆಗೆ ವಿಭೂತಿ ಹಚ್ಚಿಕೊಂಡು ಸಾಲಿಗೆ ಹೋಗುವ ಮಾಸ್ತರು ಇರುತ್ತಾರೆ, ಮಕ್ಕಳನ್ನು ಮಲಗಿಸಿ ರಾತ್ರಿ ಹತ್ತರ ಮೇಲೆ ಇಯರ್‌ಫೋನ್ ಹಾಕಿಕೊಳ್ಳುವ ತಾಯಂದಿರು ಇರುತ್ತಾರೆ. ಇವರ ಅಭಿಮಾನ ಗೊತ್ತಾಗುವುದು ಇವರು ಹೇಗೆ ಕೇಳುತ್ತಾರೆ ಎಂಬುದರಿಂದ. ಅಂಥ ಕಿವಿ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿನ ಸಂಗೀತದ ಬೈಠಕ್ ಬೆಳತನಕ ನಡೆಯುವಾಗ ಜಮಖಾನದ ಮೇಲೆ ಕುಳಿತು, ಕಣ್ಣು ಮುಚ್ಚಿ, ಒಂದು ಸ್ವರ ಸರಿಯಾದ ಜಾಗಕ್ಕೆ ಬಂದು ನಿಂತಾಗ ಮಾತ್ರ "ವ್ಹಾ" ಅನ್ನುವವರ ಕಿವಿ ಅದು.

ಮೆಟಾಲಿಕಾ ಅಭಿಮಾನಿಗಳ ತಕರಾರು ಏನಿತ್ತು ಎಂಬುದನ್ನು ಅಂಥ ಕಿವಿಗೆ ಬೇಗ ತಿಳಿಸಬಹುದು. ಸಿಡಿಯಲ್ಲಿ ಸದ್ದಿಗೆ ಒಂದು ಛಾವಣಿ ಇದೆ. ಅದರಾಚೆ ಬರೆಯಲು ಅಂಕಿಯೇ ಇಲ್ಲ. ಹಾಡು ಅಂಗಡಿಯಲ್ಲಿ, ಕಾರಿನಲ್ಲಿ ಜೋರಾಗಿ ಕೇಳಿಸಲಿ ಎಂದು ಸಣ್ಣ ಸದ್ದುಗಳನ್ನೆಲ್ಲ ಎತ್ತಿ ಛಾವಣಿಗೆ ಒತ್ತಿದರೆ ಡ್ರಮ್ಮಿನ ಪೆಟ್ಟಿಗೆ ಮೇಲೇಳಲು ಜಾಗ ಉಳಿಯದೆ ಅದರ ತುದಿ ಕತ್ತರಿಸಿಹೋಗುತ್ತದೆ. ಒಡಕು ಬರುವುದು ಅಲ್ಲಿಂದ. ನಿಧಾನದ ವಿಲಂಬಿತದ ಗೊಡವೆಯೇ ಇಲ್ಲದೆ ಕುಳಿತ ಕೂಡಲೇ ವೇಗದ ದ್ರುತದ ತಾನ್ ಹೊಡೆಯುವ ಗವಾಯಿಯನ್ನು ಧಾರವಾಡದ ಮಂದಿ ಎಷ್ಟು ಹೊತ್ತು ಸಹಿಸಿಕೊಂಡಾರು? ನಿಮ್ಮ ಹತ್ತಿರ ಇರುವ ಹಾಡುಗಳಲ್ಲಿ ಇದನ್ನು ನೋಡುವುದು ಸುಲಭ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಹಾಡಿನ ಫೈಲ್ ತೆರೆಯಿರಿ. ಅಲೆಯ ನಡುನಡುವೆ ಜೋಳದ ತೆನೆಯಂತೆ ಎದ್ದು ನಿಂತ ಮೊನೆಗಳಿದ್ದರೆ ಅದರಲ್ಲಿ ಜೀವ ಉಳಿದಿದೆ. ಮೊದಲಿಂದ ಕೊನೆಯತನಕ ಒಂದೇ ಮಟ್ಟದ ಪಟ್ಟಿ ಕಂಡರೆ, ಅದೇ ಆಲ್ಬಮ್ಮಿನ ಹಳೆಯ ಮುದ್ರಣ ಸಿಗುತ್ತದೆಯೇ ಎಂದು ಹುಡುಕುವುದು ಒಳ್ಳೆಯದು. 1980ರ ದಶಕದ ಸಿಡಿಗಳು ಈ ವಿಷಯದಲ್ಲಿ ಬಹಳ ಸಲ ಮೇಲು.

ಶಾಸ್ತ್ರೀಯ ಕೇಳುವವರು ಒಂದು ಜಾತಿ, ರಾಕ್‌ನ ಅತಿ ಭಾರದ ಬಗೆಯಾದ ಹೆವಿ ಮೆಟಲ್ ಕೇಳುವವರು ಇನ್ನೊಂದು ಜಾತಿ ಎಂದು ತಿಳಿದವರಿಗೆ ಎಡಿನ್‌ಬರೋದ ಹೆರಿಯಟ್-ವಾಟ್ ವಿಶ್ವವಿದ್ಯಾಲಯದಿಂದ 2008ರಲ್ಲಿ ಬಂದ ಫಲಿತಾಂಶ ತೋರಿಸಬೇಕು. ಮನಶ್ಶಾಸ್ತ್ರಜ್ಞ ಏಡ್ರಿಯನ್ ನಾರ್ತ್ 36,000ಕ್ಕೂ ಹೆಚ್ಚು ಜನರ ಸಂಗೀತದ ರುಚಿ ಮತ್ತು ಸ್ವಭಾವವನ್ನು ಹೋಲಿಸಿ ನೋಡಿದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರೂ ಹೆವಿ ಮೆಟಲ್‌ನವರೂ ವಯಸ್ಸೊಂದನ್ನು ಬಿಟ್ಟರೆ ಸ್ವಭಾವದಲ್ಲಿ ಹೆಚ್ಚುಕಡಿಮೆ ಒಂದೇ ಬಗೆ. ಕಲ್ಪನೆ ಇರುವವರು, ಸಮಾಧಾನಿಗಳು, ತುಸು ಒಳಮುಖದವರು. ಸಿಟ್ಟಿನ ಮಾತಿಗೂ ಉತ್ತರ ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2015ರಲ್ಲಿ ಇಂಥ ಸಂಗೀತದ 39 ಅಭಿಮಾನಿಗಳಿಗೆ ಬೇಕೆಂದೇ ಸಿಟ್ಟು ಬರಿಸಿ, ಕೆಲವರಿಗೆ ಹತ್ತು ನಿಮಿಷ ಅವರಿಷ್ಟದ ಹಾಡು ಕೇಳಲು ಬಿಟ್ಟರು, ಉಳಿದವರನ್ನು ಸುಮ್ಮನೆ ಕೂರಿಸಿದರು. ಹಾಡು ಕೇಳಿದವರ ಸಿಟ್ಟು ಏರಲಿಲ್ಲ. ಸುಮ್ಮನೆ ಕುಳಿತವರಷ್ಟೇ ಅವರೂ ತಣ್ಣಗಾದರು.

ಇದು ದುಡ್ಡಿದ್ದವರ ಮಕ್ಕಳ ಶೋಕಿ ಎಂಬುದು ಇನ್ನೊಂದು ಮಾತು. ಹೆವಿ ಮೆಟಲ್‌ನ ಮೂಲ ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಕಾರ್ಖಾನೆಗಳ ಊರು. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ಅಲ್ಲಿ ತಗಡು ಕತ್ತರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗ. 17ನೇ ವಯಸ್ಸಿನಲ್ಲಿ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಚರಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಅದರ ಮೇಲೆ ಚರ್ಮ ಅಂಟಿಸಿದರು. ಬಿಗಿಯಾದ ತಂತಿ ಒತ್ತಿದರೆ ನೋವು. ಅದಕ್ಕೆ ತೆಳು ತಂತಿ ಹಾಕಿ, 1971ರ ಹೊತ್ತಿಗೆ ಶ್ರುತಿಯನ್ನು ಮೂರು ಮನೆ, ಅಂದರೆ ಮೂರು ಅರ್ಧಸ್ವರ, ಕೆಳಗೆ ಇಳಿಸಿ ನುಡಿಸತೊಡಗಿದರು. ಮಂದ್ರದ ಆ ಭಾರವಾದ ನಾದ ಜಗತ್ತಿನ ಎಷ್ಟೋ ತಂಡಗಳಿಗೆ ದಾರಿಯಾಯಿತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲೋ ಗೋಕುಲ ರಸ್ತೆಯ ಲೇಥ್ ಅಂಗಡಿಯಲ್ಲೋ ಪಾಳಿ ಮುಗಿಸಿ ಬಂದವರಿಗೆ ಈ ನಾದ ಪರಕೀಯ ಅನ್ನಿಸಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.

ಇನ್ನು ಆ 'ಗದ್ದಲ'ದ ವಿಚಾರ. ಎಲೆಕ್ಟ್ರಿಕ್ ಗಿಟಾರಿನ ಒರಟು ದನಿಗೆ ಡಿಸ್ಟಾರ್ಷನ್ ಎನ್ನುತ್ತಾರೆ. ಆಂಪ್ಲಿಫೈಯರಿಗೆ ಅದರ ಶಕ್ತಿ ಮೀರಿ ಸಿಗ್ನಲ್ ಕೊಟ್ಟಾಗ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಮೂಲ ಸ್ವರದ ಜೊತೆಗೆ ಹತ್ತಾರು ಉಪಸ್ವರಗಳು ಹುಟ್ಟುತ್ತವೆ. ತಂಬೂರಿಯಲ್ಲಿ ನಾವು ಬೇಕೆಂದೇ ಮಾಡುವ ಕೆಲಸಕ್ಕೆ ಇದು ಹತ್ತಿರದ ನೆಂಟ. ತಂತಿಗಳನ್ನು ಹೊರುವ ಕುದುರೆ ಎಂಬ ಪಟ್ಟಿಯ ಮೇಲೆ, ತಂತಿಯ ಕೆಳಗೆ ಒಂದು ಎಳೆ ನೂಲು ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ಒಂದು ಜಾಗದಲ್ಲಿ ತಂತಿ ಝೇಂಕರಿಸುವಂತೆ ಮಾಡುತ್ತೇವೆ. ಅದೇ ಜವಾರಿ. ತಂತಿ ಕುದುರೆಗೆ ಸವರಿಕೊಂಡು ಹೋಗುವುದರಿಂದ ಅಲ್ಲಿ ಉಪಸ್ವರ ಬಿಚ್ಚಿಕೊಳ್ಳುತ್ತದೆ. ಗಿಟಾರಿನಲ್ಲಿ ಅದನ್ನೇ ವಿದ್ಯುತ್ತು ಮಾಡುತ್ತದೆ. ಜವಾರಿ ಬಿಡಿಸದ ತಂಬೂರಿ ಸಪ್ಪೆ, ಹಾಗೆಯೇ ಡಿಸ್ಟಾರ್ಷನ್ ಇಲ್ಲದ ಹೆವಿ ಮೆಟಲ್ ಕೂಡ ಸಪ್ಪೆ.

ಡಿಸ್ಟಾರ್ಷನ್ ಹಾಕಿದ ಮೇಲೆ ಗಿಟಾರಿನವರು ಸ, ಗ, ಪ ಮೂರನ್ನೂ ಕೂಡಿಸಿ ನುಡಿಸುವುದು ಕಡಿಮೆ. ಹೆಚ್ಚಾಗಿ ಸ ಮತ್ತು ಪ ಎರಡನ್ನೇ, ಮೇಲಿನ ಸ ಸೇರಿಸಿ ಒತ್ತುತ್ತಾರೆ. ಇದಕ್ಕೆ ಪವರ್ ಕಾರ್ಡ್ ಎಂದು ಹೆಸರು. ಕಾರಣ ಇದೆ. ಎರಡು ಸ್ವರ ಒಟ್ಟಿಗೆ ಡಿಸ್ಟಾರ್ಷನ್ನಿಗೆ ಹೋದಾಗ ಅವುಗಳ ಕಂಪನದ ವ್ಯತ್ಯಾಸವೂ ಮೊತ್ತವೂ ಹೊಸ ಸ್ವರಗಳಾಗಿ ಹೊರಬರುತ್ತವೆ. ಸ ಮತ್ತು ಪ 2ಕ್ಕೆ 3ರ ಲೆಕ್ಕ. ವ್ಯತ್ಯಾಸ 1, ಅಂದರೆ ಒಂದು ಸಪ್ತಕ ಕೆಳಗಿನ ಷಡ್ಜ. ಯಾರೂ ನುಡಿಸದ ಮಂದ್ರ ಷಡ್ಜ ತಾನಾಗಿ ಬಂದು ಕೂಡುತ್ತದೆ. ಗಾಂಧಾರ ಸೇರಿಸಿದರೆ ತೊಂದರೆ ಶುರು. ಗಿಟಾರಿನ ಮನೆಗಳನ್ನು ಹಾರ್ಮೋನಿಯಂನಂತೆ ಸಮ ಅಂತರದಲ್ಲಿ ಕೂರಿಸಿರುತ್ತಾರೆ. ಒಂದು ಮನೆಯನ್ನು 100 ಪಾಲು ಮಾಡಿದರೆ ಆ ಪಂಚಮ ಶುದ್ಧ ಪಂಚಮಕ್ಕಿಂತ 2 ಪಾಲು ಮಾತ್ರ ತಗ್ಗು, ಗಾಂಧಾರ ಶುದ್ಧ ಗಾಂಧಾರಕ್ಕಿಂತ 14 ಪಾಲು ಏರು. ಆ 14 ಪಾಲಿನ ಹೆಚ್ಚುವರಿ ಉಪಸ್ವರಗಳಲ್ಲಿ ಗುಣಿಸಿಕೊಂಡು ರಾಡಿಯಾಗುತ್ತದೆ. ಹಾರ್ಮೋನಿಯಂನ ಗಾಂಧಾರ ಕಿವಿಗೆ ಚುಚ್ಚುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದದ್ದು ಈ 14 ಪಾಲನ್ನೇ. ಬರ್ಮಿಂಗ್‌ಹ್ಯಾಮಿನ ಹುಡುಗರು ಅದೇ ಗಾಂಧಾರವನ್ನು ಕೈಬಿಟ್ಟು ದಾರಿ ಮಾಡಿಕೊಂಡರು.

ಸ್ವರ ಹಿಡಿಯುವುದೂ ಕಷ್ಟವಿಲ್ಲ. ರಾಕ್‌ನಲ್ಲಿ ಗಿಟಾರ್ ಮುಂದೆ ಬಂದು ಒಂಟಿಯಾಗಿ ನುಡಿಯುವ ಸೋಲೋಗಳಲ್ಲಿ ಮತ್ತೆ ಮತ್ತೆ ಬರುವ ಐದು ಸ್ವರಗಳು ಸ, ಕೋಮಲ ಗ, ಮ, ಪ, ಕೋಮಲ ನಿ. ಧಾನಿ ರಾಗದ ಸ್ವರಗಳೇ ಇವು. ಇವನ್ನು ಧಾನಿ ಎಂದು ಕರೆಯಲು ಬಾರದು, ನಡೆ ಬೇರೆ, ರಾಗದ ಗುರುತು ಹೇಳುವ ತುಣುಕಾದ ಪಕಡ್ ಬೇರೆ. ಆದರೆ ಧಾನಿ ಕೇಳಿದ ಕಿವಿಗೆ ಮನೆಗಳು ಗುರುತಾಗುತ್ತವೆ. ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಮ ಸ್ವರದಿಂದ ಪ ಸ್ವರಕ್ಕೆ ಏರಿಸುವುದಕ್ಕೆ ಬೆಂಡ್ ಎನ್ನುತ್ತಾರೆ. ಸಿತಾರಿನವರು ಮೀಂಡ್ ಎಳೆಯುವುದೂ ಹೀಗೆಯೇ. ಬೆಂಡ್ ಸರಿಯಾಗಿ ಪಂಚಮ ಮುಟ್ಟಿತೋ, ಅರ್ಧಕ್ಕೆ ನಿಂತಿತೋ, ಮೀರಿ ಹೋಯಿತೋ ಎಂಬುದರಲ್ಲಿ ನುಡಿಸುವವರ ತೂಕ ಗೊತ್ತಾಗುತ್ತದೆ. ಬೆರಳು ಎಷ್ಟು ವೇಗವಾಗಿ ಓಡಿತು ಎಂಬುದಕ್ಕಿಂತ ಇದನ್ನು ಗಮನಿಸುವ ಅಭಿಮಾನಿ ನನಗೆ ಹೆಚ್ಚು ಆಪ್ತ.

ತಾಳದಲ್ಲಿ ಮಾತ್ರ ನಮ್ಮವರು ಮೊದಮೊದಲು ಎಡವುತ್ತಾರೆ. ನಮ್ಮ ಕೈ ಸಮ್‌ಗೆ, ಅಂದರೆ ಒಂದನೆಯ ಮಾತ್ರೆಗೆ ಬೀಳುತ್ತದೆ. ರಾಕ್‌ನ ನಾಲ್ಕು ಮಾತ್ರೆಯಲ್ಲಿ ಒತ್ತು ಎರಡು ಮತ್ತು ನಾಲ್ಕರ ಮೇಲೆ. ಛಟ್ ಎಂದು ಸಿಡಿಯುವ ಸ್ನೇರ್ ಡ್ರಮ್ ಬೀಳುವುದು ಅಲ್ಲಿ. ಒಂದು ಮತ್ತು ಮೂರಕ್ಕೆ ಕಾಲಿನ ದೊಡ್ಡ ಡ್ರಮ್ಮು. ಒಂದಕ್ಕೆ ಚಪ್ಪಾಳೆ ಹಾಕುತ್ತ ಕುಳಿತರೆ ಹಾಡು ಎಳೆದಂತೆ, ಭಾರವಾದಂತೆ ಕೇಳುತ್ತದೆ. ಒಂದಕ್ಕೆ ಪಾದ, ಎರಡಕ್ಕೆ ಕೈ, ಮೂರಕ್ಕೆ ಪಾದ, ನಾಲ್ಕಕ್ಕೆ ಕೈ ಎಂದು ಎರಡು ಹಾಡು ಎಣಿಸಿದರೆ ಸಾಕು, ದೇಹ ಕಲಿಯುತ್ತದೆ.

ಬೆಸ ಮಾತ್ರೆಗಳಿಗೆ ಬಂದರೆ ಮೇಲುಗೈ ನಮ್ಮದೇ. ಪಿಂಕ್ ಫ್ಲಾಯ್ಡ್ ತಂಡದ 1973ರ 'ಮನಿ' ಏಳು ಮಾತ್ರೆಯ ಹಾಡು. ನಾಲ್ಕಕ್ಕೆ ಒಗ್ಗಿದ ಕಿವಿಗಳು ಇಲ್ಲಿ ಒಂದು ಮಾತ್ರೆ ಕಳೆದುಕೊಂಡು ಒದ್ದಾಡುತ್ತವೆ. ಹಿಂದುಸ್ತಾನಿಯ ರೂಪಕ ತಾಳದ ಏಳು ಎಣಿಸಿದವರಿಗೆ ಆ ತೊಂದರೆ ಇಲ್ಲ. ಆದರೆ ರೂಪಕದಲ್ಲಿ ಸಮ್ ಒತ್ತಿಲ್ಲದೆ ಖಾಲಿಯಾಗಿರುತ್ತದೆ, ಇಲ್ಲಿ ಒಂದನೆಯ ಮಾತ್ರೆಗೇ ಮಂದ್ರ ಸ್ವರಗಳ ಬೇಸ್ ಗಿಟಾರ್ ಭಾರ ಹಾಕುತ್ತದೆ. ಇಷ್ಟು ವ್ಯತ್ಯಾಸ ನೆನಪಿರಲಿ. ಸ್ಯಾಕ್ಸೋಫೋನ್ ಕೂಡ ಏಳರಲ್ಲೇ ಹೋಗಿ, ಗಿಟಾರ್ ಸೋಲೋ ಬಂದಾಗ ಹಾಡು ನಾಲ್ಕಕ್ಕೆ ಜಿಗಿಯುತ್ತದೆ. ಆ ಜಿಗಿತದ ಜಾಗ ಹಿಡಿಯುವುದೇ ಒಂದು ಸುಖ. ಲೆಡ್ ಝೆಪೆಲಿನ್ ತಂಡದ 1975ರ 'ಕಾಶ್ಮೀರ್' ಇನ್ನೂ ಚೆಂದ. ಡ್ರಮ್ಮು ನಾಲ್ಕರಲ್ಲಿ ನಡೆಯುತ್ತದೆ, ಗಿಟಾರ್ ಮೂರರಲ್ಲಿ ಸುತ್ತುತ್ತದೆ. ಎರಡೂ ಬೇರೆಬೇರೆಯಾಗಿ ಹೋಗಿ ಹನ್ನೆರಡು ಮಾತ್ರೆಗೊಮ್ಮೆ ಕೂಡುತ್ತವೆ. ತಬಲಾದವನು ಒಂದೇ ತುಣುಕನ್ನು ಮೂರು ಸಲ ನುಡಿಸುವ ತಿಹಾಯಿ ಹೊಡೆದು ಸಮ್‌ಗೆ ಬಂದಾಗ ಬೈಠಕ್ಕಿನಲ್ಲಿ ತಲೆಗಳು ಒಮ್ಮೆಲೇ ತೂಗುತ್ತವಲ್ಲ, ಅಂಥ ಜಾಗ ಇಲ್ಲಿ ಪ್ರತಿ ಸುತ್ತಿಗೂ ಇದೆ. ಅದರ ಗಿಟಾರ್ ಶ್ರುತಿ ಮಾಡಿರುವುದೂ ಡಿ, ಎ, ಡಿ, ಜಿ, ಎ, ಡಿ ಎಂದು. ಡಿಯನ್ನು ಷಡ್ಜ ಮಾಡಿಕೊಂಡರೆ ಸ, ಪ, ಸ, ಮ, ಪ, ಸ. ತಂತಿಗಳನ್ನು ಬಿಟ್ಟ ಕೈಯಲ್ಲಿ ಮೀಟಿದರೆ ತಂಬೂರಿಯ ನೆನಪು ಬಾರದೆ ಇರದು.

ಹಾವೇರಿ ಜಿಲ್ಲೆಯವರಿಗೆ ಇನ್ನೊಂದು ಹಕ್ಕೂ ಇದೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರ (1819–1889) ತತ್ವಪದಗಳನ್ನು ಬೆಂಗಳೂರಿನ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡ ಗಿಟಾರ್, ಬೇಸ್, ಡ್ರಮ್ಮುಗಳ ಜೊತೆ ಹಾಡಿ 2008ರ ತನ್ನ ಮೊದಲ ಆಲ್ಬಮ್ಮಿನಲ್ಲಿ ತಂದಿತು. ಏಕತಾರಿ, ದಮ್ಮಡಿಯ ಜೊತೆ ಈ ಪದಗಳನ್ನು ಕೇಳಿ ಬೆಳೆದವರು ಇದನ್ನು ಕೇಳುವಾಗ ಒಂದನ್ನು ಗಮನಿಸಬೇಕು. ಡ್ರಮ್ಮಿನ ಒತ್ತು ಎರಡು, ನಾಲ್ಕಕ್ಕೆ ಬಿದ್ದಾಗ ಪದದ ಯಾವ ಅಕ್ಷರ ಎದ್ದು ಕೇಳುತ್ತದೆ, ಭಜನಾ ಮೇಳದಲ್ಲಿ ಯಾವುದು ಎದ್ದು ಕೇಳುತ್ತಿತ್ತು? ಅರ್ಥದ ತೂಕ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದು ಅಲ್ಲಿ ತಿಳಿಯುತ್ತದೆ. ಈ ತೀರ್ಪು ಕೊಡುವ ಅಧಿಕಾರ ಲಂಡನ್ನಿನ ಅಭಿಮಾನಿಗಿಂತ ಶಿಗ್ಗಾಂವಿಯ ಅಭಿಮಾನಿಗೆ ಹೆಚ್ಚು.

ಇಷ್ಟೆಲ್ಲ ಕೇಳಿಸಬೇಕಾದರೆ ಮೊಬೈಲಿನ ಸ್ಪೀಕರಿನಿಂದ ದೂರ ಇರಬೇಕು. ಬೇಸ್ ಗಿಟಾರಿನ ಅತಿ ಕೆಳಗಿನ ಬಿಟ್ಟ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ, ಗಿಟಾರಿನದು 82 ಸಲ. ಮೊಬೈಲಿನ ಚಿಕ್ಕ ಸ್ಪೀಕರು 300ರ ಕೆಳಗೆ ಹೆಚ್ಚುಕಡಿಮೆ ಮೂಕ. ಉಳಿಯುವುದು ತಾಳದ ಛಟಛಟ ಮತ್ತು ಗಿಟಾರಿನ ಕಿರುಚು. ಇದನ್ನು ಕೇಳಿ ರಾಕ್ ಅಂದರೆ ಗದ್ದಲ ಅನ್ನುವವರ ತಪ್ಪಿಲ್ಲ, ಅವರು ಕೇಳಿದ್ದು ಗದ್ದಲವನ್ನೇ. ಸಾಧಾರಣ ಬೆಲೆಯ ತಂತಿಯ ಇಯರ್‌ಫೋನ್, ಕಿವಿಯ ಅಳತೆಗೆ ಸರಿಯಾದ ರಬ್ಬರ್ ತುದಿ ಹಾಕಿಕೊಂಡರೆ ಬೇಸ್ ಮರಳಿ ಬರುತ್ತದೆ. ತುದಿ ಸಡಿಲವಿದ್ದರೆ ಎಷ್ಟು ದುಬಾರಿ ಇಯರ್‌ಫೋನೂ ಬೇಸ್ ಕೊಡದು. ಗಾಳಿ ಸೋರಿದ ಜಾಗದಿಂದ ಮೊದಲು ಹೋಗುವುದು ಅದೇ. ಹಾಡಿನ ಫೈಲು ಹೆಚ್ಚು ಹಿಂಡಿದ 128 ಕೆಬಿಪಿಎಸ್ ಎಂಪಿ3 ಆಗಿದ್ದರೆ ಸಿಂಬಲ್ ಎಂಬ ಲೋಹದ ತಟ್ಟೆಗಳ ಸದ್ದು ನೀರಿನಲ್ಲಿ ಮರಳು ತೊಳೆದಂತೆ ಕೇಳುತ್ತದೆ. 320 ಅಥವಾ ಸಿಡಿಯ ಗುಣಮಟ್ಟದ್ದು ಹುಡುಕಿ.

ಸ್ಪೀಕರ್ ಇಟ್ಟುಕೊಳ್ಳುವವರಿಗೆ ನಮ್ಮ ಮನೆಗಳದೇ ಒಂದು ಸಮಸ್ಯೆ ಇದೆ. ಶಹಾಬಾದ್ ಕಲ್ಲಿನ ನೆಲ, ಸಿಮೆಂಟಿನ ಗೋಡೆ, ಆರ್‌ಸಿಸಿ ಛತ್ತು. ಎಲ್ಲವೂ ಸದ್ದನ್ನು ಚೆಂಡಿನಂತೆ ವಾಪಸ್ ಎಸೆಯುತ್ತವೆ. ಎರಡು ಸ್ಪೀಕರು ಮತ್ತು ನೀವು ಕೂರುವ ಜಾಗ ಸಮಬಾಹು ತ್ರಿಕೋನವಾಗಲಿ, ಪ್ರತಿ ಬದಿ ಐದಾರು ಅಡಿ ಇದ್ದರೆ ಸಾಕು. ಸ್ಪೀಕರಿನ ಚಿಕ್ಕ ಬಟ್ಟಲು ಕುಳಿತವರ ಕಿವಿಯ ಎತ್ತರಕ್ಕೆ ಬರಬೇಕು. ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ಇರಲಿ. ಮೂಲೆಗೆ ತಳ್ಳಿದರೆ ಬೇಸ್ ಉಬ್ಬಿಕೊಂಡು ಡ್ರಮ್ಮು ಯಾವುದು, ಗಿಟಾರು ಯಾವುದು ಗೊತ್ತಾಗದು. ಸ್ಪೀಕರಿಗೂ ನಿಮಗೂ ನಡುವಿನ ನೆಲಕ್ಕೆ ಜಮಖಾನ ಹಾಸಿ. ನವಲಗುಂದದ್ದು ಇದ್ದರೆ ಬಹಳ ಚೆಂದ, ಆದರೆ ಒಂದು ಪದರ ಸಾಲದು, ಕೆಳಗೆ ಒಂದು ದಪ್ಪ ಹಾಸಿಗೆ ಬಟ್ಟೆ ಬೇಕು. ಪಕ್ಕದ ಗೋಡೆಗಳಿಗೆ ಕೌದಿ. ಎಲ್ಲಿ ತೂಗುಹಾಕಬೇಕು ಎಂಬುದನ್ನು ಹೀಗೆ ಕಂಡುಹಿಡಿಯಿರಿ. ನೀವು ನಿಮ್ಮ ಜಾಗದಲ್ಲಿ ಕುಳಿತಿರಿ, ಮನೆಯ ಇನ್ನೊಬ್ಬರು ಗೋಡೆಗೆ ಕನ್ನಡಿ ಹಿಡಿದು ನಿಧಾನಕ್ಕೆ ಸರಿಸುತ್ತ ಬರಲಿ. ಕನ್ನಡಿಯಲ್ಲಿ ಸ್ಪೀಕರಿನ ಮುಖ ಕಂಡ ಜಾಗವೇ ಸದ್ದು ಮೊದಲು ಬಡಿದು ಬರುವ ಜಾಗ. ಅಲ್ಲಿ ಹಳೆಯ ಸೀರೆಗಳ ಐದಾರು ಪದರದ ಕೌದಿಯನ್ನು ಗೋಡೆಯಿಂದ ಎರಡು ಇಂಚು ಬಿಟ್ಟು ನೇತುಹಾಕಿ. ಸಿಂಬಲ್‌ನ ಚುಚ್ಚು ಇಳಿದು ಹಾಡುವವರ ಮಾತು ಬಿಡಿಸಿ ಕೇಳತೊಡಗುತ್ತದೆ. ಬೇಸ್‌ನ ಗುಂಯ್ ಸದ್ದಿಗೆ ಕೌದಿ ಮದ್ದಲ್ಲ, ಅದಕ್ಕೆ ಸ್ಪೀಕರನ್ನೇ ಸರಿಸಬೇಕು.

ಒಂದು ಹಾಡನ್ನು ನಾಲ್ಕು ಸಲ ಕೇಳುವ ರೂಢಿ ಒಳ್ಳೆಯದು. ಮೊದಲ ಸಲ ಬರೀ ಹೈ-ಹ್ಯಾಟ್, ಟಿಸ್ ಟಿಸ್ ಅನ್ನುವ ಜೋಡಿ ತಟ್ಟೆ. ಎರಡನೆಯ ಸಲ ಕಾಲಿನ ಡ್ರಮ್ಮು ಮತ್ತು ಬೇಸ್ ಗಿಟಾರ್ ಒಂದರ ಮೇಲೊಂದು ಹೇಗೆ ಕೂರುತ್ತವೆ ಎಂಬುದು. ಮೂರನೆಯ ಸಲ ಎಡಕಿವಿಯ ಗಿಟಾರು, ಬಲಕಿವಿಯ ಗಿಟಾರು. ಬಹಳಷ್ಟು ತಂಡಗಳು ಒಂದೇ ತುಣುಕನ್ನು ಎರಡು ಸಲ ನುಡಿಸಿ ಆಚೆ ಈಚೆ ಇಟ್ಟಿರುತ್ತವೆ. ನಾಲ್ಕನೆಯ ಸಲ ಹಾಡುಗಾರ.

ಕಾರ್ಯಕ್ರಮಕ್ಕೆ ಹೋಗಬೇಕಾದರೆ ನಮಗೆ ದೊಡ್ಡ ಊರು ಬೆಂಗಳೂರು. ಐರನ್ ಮೇಡನ್ ತಂಡ 2007ರ ಮಾರ್ಚ್ 17ರಂದು, ಮೆಟಾಲಿಕಾ 2011ರ ಅಕ್ಟೋಬರ್ 30ರಂದು ನುಡಿಸಿದ್ದು ಅಲ್ಲಿಯ ಅರಮನೆ ಮೈದಾನದಲ್ಲಿ. ಹುಬ್ಬಳ್ಳಿಯಿಂದ ರಸ್ತೆಯಲ್ಲಿ 410 ಕಿಲೋಮೀಟರ್ ಆಸುಪಾಸು. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಕಾನೂನಿನ ತಡೆ ಇರುವುದರಿಂದ ಕಾರ್ಯಕ್ರಮ ಅಷ್ಟರೊಳಗೆ ಮುಗಿಯುವುದು ವಾಡಿಕೆ. ಮೈದಾನದಿಂದ ಹೊರಬಿದ್ದು ಮೆಜೆಸ್ಟಿಕ್ ಮುಟ್ಟಲು ಒಂದು ತಾಸಾದರೂ ಬೇಕು. 11:30ರ ನಂತರದ ಬಸ್ಸು ಹಿಡಿಯುವ ಲೆಕ್ಕ ಹಾಕಿ, ಅದಕ್ಕೂ ಮುಂಚಿನದನ್ನು ನಂಬಿದರೆ ಕೊನೆಯ ಎರಡು ಹಾಡು ಬಿಟ್ಟು ಓಡಬೇಕಾಗುತ್ತದೆ. ನಿಲ್ಲಲು ಒಳ್ಳೆಯ ಜಾಗ ವೇದಿಕೆಯ ಬುಡ ಅಲ್ಲ. ಮೈದಾನದ ನಡುವೆ ಕಟಕಟೆ ಹಾಕಿ ಮಿಕ್ಸರ್ ಇಟ್ಟುಕೊಂಡು ಸೌಂಡ್ ಎಂಜಿನಿಯರ್ ಕುಳಿತಿರುತ್ತಾರೆ. ಅವರು ತಮ್ಮ ಕಿವಿಗೆ ಸರಿಕಂಡಂತೆ ಎಲ್ಲರಿಗೂ ಸದ್ದು ಹೊಂದಿಸುವುದರಿಂದ ಅವರ ಬೆನ್ನ ಹಿಂದೆ ನಿಂತವರಿಗೆ ಅತ್ಯುತ್ತಮ ನಾದ.

ಕಿವಿಗೆ ಬಿರಡೆ ಹಾಕಿಕೊಳ್ಳುವವನು ನಿಜವಾದ ಅಭಿಮಾನಿಯಲ್ಲ ಎಂಬ ಮಾತು ಹುಡುಗರಲ್ಲಿ ಇದೆ. ಇದನ್ನು ಬಿಡಿಸಲೇಬೇಕು. ಕಿವಿಗೆ 85 ಡೆಸಿಬೆಲ್ ಎಂಟು ತಾಸಿನ ಮಿತಿ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧವಾಗುತ್ತದೆ. 100ಕ್ಕೆ ಬಂದರೆ 15 ನಿಮಿಷ. ಎರಡು ತಾಸಿನ ಕಾರ್ಯಕ್ರಮ ಅಷ್ಟೇ ಜೋರಿದ್ದರೆ ಮಿತಿಗಿಂತ ಎಂಟು ಪಟ್ಟು. 1976ರಲ್ಲಿ ಲಂಡನ್ನಿನಲ್ಲಿ ದ ಹೂ ತಂಡದ ಸದ್ದು ವೇದಿಕೆಯಿಂದ 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ಮುಟ್ಟಿ ಗಿನ್ನೆಸ್ ದಾಖಲೆಯಾಯಿತು. ಕೇಳುವವರ ಕಿವಿ ಕೆಡುತ್ತದೆಂದು ಗಿನ್ನೆಸ್‌ನವರು ಮುಂದೆ ಆ ದಾಖಲೆಯನ್ನೇ ಕೈಬಿಟ್ಟರು. ಆ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತಮ್ಮ ಕಿವಿಮೊರೆತದ ಬಗ್ಗೆ ಬಹಿರಂಗವಾಗಿ ಹೇಳಿಕೊಂಡು ಬಂದಿದ್ದಾರೆ. ಹುಬ್ಬಳ್ಳಿ ಅರಳೆಯ ಪೇಟೆಯಾದರೂ ಅರಳೆ ಉಂಡೆ ಮಾಡಿ ಕಿವಿಗೆ ತುರುಕಿದರೆ ಉಪಯೋಗ ಅಷ್ಟಕ್ಕಷ್ಟೆ. ಔಷಧಿ ಅಂಗಡಿಯ ಫೋಮ್ ಬಿರಡೆಯನ್ನು ಬೆರಳಲ್ಲಿ ಸಣ್ಣ ಬತ್ತಿಯಂತೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಬಿರಡೆ ತೂರಿಸಿ 30 ಎಣಿಸುವತನಕ ಬೆರಳಿಂದ ಒತ್ತಿ ಹಿಡಿಯಿರಿ. ಬಹಳ ಮಂದಿ ಕಿವಿ ಎಳೆಯದೆ ತೂರಿಸುತ್ತಾರೆ, ಅರ್ಧ ಹೊರಗೇ ಉಳಿದು ಕೆಲಸಕ್ಕೆ ಬಾರದು. ಫೋಮ್ ತಾರಕದ ಸದ್ದನ್ನು ಹೆಚ್ಚು ನುಂಗುವುದರಿಂದ ಸಿಂಬಲ್ ಮಂಕಾಗುತ್ತದೆ. ಸಂಗೀತಗಾರರಿಗೆಂದೇ ಮಾಡಿದ, ಒಳಗೆ ಫಿಲ್ಟರ್ ಇರುವ ರಬ್ಬರ್ ಬಿರಡೆಗಳು ಮೇಲಿನ ಕೆಳಗಿನ ಸ್ವರಗಳನ್ನು ಸರಿಸುಮಾರು ಸಮನಾಗಿ ತಗ್ಗಿಸುತ್ತವೆ. ಹಾಡು ಹಾಗೇ ಇರುತ್ತದೆ, ದೂರ ಸರಿದಂತೆ ಮಾತ್ರ ಕೇಳುತ್ತದೆ. ಮರುದಿನವೂ ಕಿವಿಯಲ್ಲಿ ಕುಯ್ ಅನ್ನುವುದು ನಿಲ್ಲದಿದ್ದರೆ ಕಿವಿ ಡಾಕ್ಟರನ್ನು ಕಾಣಬೇಕು.

ತಂಡದ ಹೆಸರು ಅಚ್ಚಾದ ಅಂಗಿಯ ಮಾತು ಚಿಕ್ಕದು. ಬೇಕಾದವರು ತಂಡದಿಂದಲೇ ಕೊಳ್ಳಲಿ. ಸ್ಟ್ರೀಮಿಂಗಿನಲ್ಲಿ ಒಂದು ಸಲ ಕೇಳಿದ್ದಕ್ಕೆ ತಂಡಕ್ಕೆ ಸಿಗುವುದು ಪೈಸೆಗಳ ಲೆಕ್ಕ. ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಹಾಡು ಕೊಂಡರೆ ನೂರಕ್ಕೆ 15 ಜಾಲತಾಣದವರು ಇಟ್ಟುಕೊಂಡು ಪಾವತಿ ಖರ್ಚು ಕಳೆದು ಉಳಿದದ್ದು ತಂಡಕ್ಕೆ ಹೋಗುತ್ತದೆ. ಅಂಗಿಯನ್ನು ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಿರಿ. ಅಚ್ಚಿನ ಮೇಲೆ ಇಸ್ತ್ರಿ ಇಟ್ಟರೆ ಬಣ್ಣ ಬಿರಿಯುತ್ತದೆ.

ಧಾರವಾಡ, ಗದಗದ ಮನೆಗಳ ಅಟ್ಟದಲ್ಲಿ ಇನ್ನೂ ಕ್ಯಾಸೆಟ್ಟುಗಳು ಇವೆ. ಕೆಲವು ಅಂಗಡಿಯವು, ಕೆಲವು ಗೆಳೆಯರಿಂದ ಗೆಳೆಯರಿಗೆ ನಕಲಾದವು. ಅವನ್ನು ಉಳಿಸಿಕೊಳ್ಳುವುದೂ ಅಭಿಮಾನಿಯ ಕೆಲಸ. ಮಳೆಗಾಲದ ಥಂಡಿಗೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಬಂದಿದ್ದರೆ ಪ್ಲೇಯರಿಗೆ ಹಾಕಬೇಡಿ, ಟೇಪು ಓದುವ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಕ್ಯಾಸೆಟ್ಟಿನೊಳಗೆ ತೆಳು ಲೋಹದ ಪಟ್ಟಿಯ ಮೇಲೆ ಒಂದು ಪುಟ್ಟ ಉಣ್ಣೆಯ ತುಂಡು ಇರುತ್ತದೆ, ಟೇಪನ್ನು ಹೆಡ್ಡಿಗೆ ಒತ್ತುವುದು ಅದೇ. ವರ್ಷಗಳಾದ ಮೇಲೆ ಅಂಟು ಒಣಗಿ ಉದುರುತ್ತದೆ, ಆಗ ಹಾಡು ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ಕೆಟ್ಟ ಕ್ಯಾಸೆಟ್ಟಿನಿಂದ ತೆಗೆದ ತುಂಡನ್ನು ಒಂದು ಹನಿ ಅಂಟಿನಲ್ಲಿ ಕೂರಿಸಿ, ರಾತ್ರಿಯಿಡೀ ಒಣಗಲು ಬಿಡಿ. ಮೊದಲು ಪೂರ್ತಿ ಮುಂದಕ್ಕೆ, ಆಮೇಲೆ ಪೂರ್ತಿ ಹಿಂದಕ್ಕೆ ಓಡಿಸಿದರೆ ಸುರುಳಿ ಸಡಿಲಾಗುತ್ತದೆ. 90 ನಿಮಿಷದ ಕ್ಯಾಸೆಟ್ಟಿನ ಟೇಪು 60ರದಕ್ಕಿಂತ ತೆಳು, ಅದನ್ನು ಪೆನ್ಸಿಲಿನಿಂದ ಕೈಯಲ್ಲಿ ತಿರುಗಿಸುವುದೇ ಕ್ಷೇಮ. ಆಮೇಲೂ ಸಿಂಬಲ್ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ನೋಡಿ. ಎರಡೂ ಚಾನೆಲ್ಲು ಕೂಡಿಸಿ ಮೋನೊ ಮಾಡಿ, ಹಾಡು ನಡೆಯುತ್ತಿರುವಾಗಲೇ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತ ಹೈ-ಹ್ಯಾಟ್ ಅತಿ ಚೊಕ್ಕ ಕೇಳುವ ಜಾಗದಲ್ಲಿ ಬಿಡಿ. ನಕಲಾದ ಕ್ಯಾಸೆಟ್ಟು ಒಂದೊಂದೂ ಒಂದೊಂದು ಯಂತ್ರದಲ್ಲಿ ಹುಟ್ಟಿದ್ದು, ಪ್ರತಿಯೊಂದಕ್ಕೂ ಈ ಜಾಗ ಬೇರೆ.

ಕಂಪ್ಯೂಟರಿಗೆ ಇಳಿಸುವಾಗ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಸಿಕ್ಕಿಸಬೇಡಿ. ಅದು ಮೋನೊ, ಸಿಗ್ನಲ್ ಒಡೆಯುತ್ತದೆ. ಲೈನ್-ಇನ್ ಇರುವ ಚಿಕ್ಕ ಯುಎಸ್‌ಬಿ ಸಾಧನ ಬೇಕು. ರೆಕಾರ್ಡಿಂಗ್ 44.1 ಕಿಲೋಹರ್ಟ್ಸ್, 24 ಬಿಟ್ ಇರಲಿ, ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್‌ಗೆ ನಿಲ್ಲಲಿ. ಟೇಪಿನ ಸುಯ್ ಸದ್ದನ್ನು ಅಳಿಸಲು ಹೋಗಬೇಡಿ, ಅದರ ಜೊತೆ ಸಿಂಬಲ್‌ನ ಬಾಲವೂ ಹೋಗುತ್ತದೆ.

ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ 1984ರಲ್ಲಿ ತನ್ನ ಕಾರ್ಯಕ್ರಮಗಳಲ್ಲಿ ಟೇಪ್ ಮಾಡಿಕೊಳ್ಳುವ ಅಭಿಮಾನಿಗಳಿಗೆಂದೇ ಜಾಗ ಬಿಡಿಸಿಕೊಟ್ಟಿತು. ಮಾರುವ ಹಾಗಿಲ್ಲ, ಹಂಚಿಕೊಳ್ಳಬಹುದು ಎಂಬುದೊಂದೇ ಕರಾರು. ಎತ್ತರದ ಕಂಬಗಳಿಗೆ ಮೈಕು ಕಟ್ಟಿ ಅವರು ತಾಸುಗಟ್ಟಲೆ ನಿಲ್ಲುತ್ತಿದ್ದರು, ಪಕ್ಕದವರು ಮಾತಾಡಿದರೆ ಕೈಸನ್ನೆಯಲ್ಲಿ ಸುಮ್ಮನಾಗಿಸುತ್ತಿದ್ದರು. ತಾವೂ ಕೂಗುವಂತಿರಲಿಲ್ಲ, ಕೂಗಿದರೆ ಟೇಪಿನಲ್ಲಿ ಉಳಿಯುತ್ತಿತ್ತು. ನಮ್ಮಲ್ಲೂ ಬೈಠಕ್ಕುಗಳನ್ನು ಸ್ಪೂಲ್ ಟೇಪಿನಲ್ಲಿ ಹಿಡಿದಿಟ್ಟವರು ಹೀಗೆಯೇ ಉಸಿರು ಬಿಗಿಹಿಡಿದು ಕುಳಿತವರು. ಆ ಟೇಪುಗಳಲ್ಲಿ ಇಂದಿಗೂ ದೊಡ್ಡ ಕೊರತೆ ಒಂದೇ, ಡಬ್ಬಿಯ ಮೇಲೆ ಏನೂ ಬರೆದಿರುವುದಿಲ್ಲ. ಕ್ಯಾಸೆಟ್ಟು ಇಳಿಸಿದ ದಿನವೇ ಫೈಲಿನ ಹೆಸರಿನಲ್ಲಿ ಮತ್ತು ಡಬ್ಬಿಯ ಬೆನ್ನ ಮೇಲೆ ಬರೆಯಿರಿ: ತಂಡ, ಆಲ್ಬಮ್ ಅಥವಾ ಊರು, ತಾರೀಖು, ಯಾರ ಕ್ಯಾಸೆಟ್ಟಿನಿಂದ ನಕಲಾದದ್ದು, ಯಾವ ಪ್ಲೇಯರಿನಲ್ಲಿ ಇಳಿಸಿದ್ದು. ಪೆನ್ನು ಬೇಡ, ಧಾರವಾಡದ ಮಳೆಗೆ ಶಾಯಿ ಹಬ್ಬುತ್ತದೆ. ಪೆನ್ಸಿಲಿನಲ್ಲಿ ಬರೆಯಿರಿ.